ಸ್ಕ್ಯಾನಿಂಗಿನಲ್ಲಿ ಕಾಣುವ ಹುಲಿಯ ಕಣ್ಣು

ಮೆದುಳಿನ ಎಂಆರ್‌ಐ ರಿಪೋರ್ಟಿನ ಕೊನೆಯಲ್ಲಿ, ಇಂಪ್ರೆಶನ್ ಎಂದು ದಪ್ಪಕ್ಷರದಲ್ಲಿ ಬರೆದ ಜಾಗದಲ್ಲಿ, ಅಪರೂಪಕ್ಕೊಮ್ಮೆ ‘ಐ ಆಫ್ ದಿ ಟೈಗರ್ ಸೈನ್’ ಎಂಬ ಸಾಲು ಬರುತ್ತದೆ. ಹುಲಿಯ ಕಣ್ಣಿನ ಚಿಹ್ನೆ. ಮಗುವಿನ ಅಪ್ಪ ಅಮ್ಮ ಅದನ್ನು ಮೊಬೈಲಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಕ್ಕಿದ್ದನ್ನು ಓದಿದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ.

ನಾನು ಮಂಗಳೂರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ರಿಪೋರ್ಟ್ ಬರೆಯುವವರು ರೇಡಿಯಾಲಜಿ ಡಾಕ್ಟರು. ಕಾಯಿಲೆ ಇಂಥದ್ದು ಎಂದು ಹೇಳುವವರು ನರರೋಗದ ಡಾಕ್ಟರು. ನಮ್ಮದು ಚಿತ್ರ ತೆಗೆಯುವ ಕೆಲಸ ಮಾತ್ರ. ಆದರೆ ಫಿಲ್ಮ್ ಕೈಗೆ ಬಂದ ಕೂಡಲೇ ಜನ ಮೊದಲು ಕೇಳುವುದು ನಮ್ಮನ್ನೇ. ಕೌಂಟರಿನಲ್ಲಿ ನಿಂತು ಇದನ್ನೆಲ್ಲ ವಿವರಿಸಲು ಆಗುವುದಿಲ್ಲ, ಹಾಗೆ ವಿವರಿಸುವುದು ಸರಿಯೂ ಅಲ್ಲ. ಇಲ್ಲಿ ಸಾವಕಾಶವಾಗಿ ಹೇಳಬಹುದು.

ಈ ಚಿಹ್ನೆ ಮುಖ್ಯವಾಗಿ ಬೆರಳು ತೋರಿಸುವುದು ಪಿಕೆಎಎನ್ ಎಂಬ ಕಾಯಿಲೆಯ ಕಡೆಗೆ. ಪೂರ್ತಿ ಹೆಸರು ಪ್ಯಾಂಟೊಥೆನೇಟ್ ಕೈನೇಸ್ ಅಸೋಸಿಯೇಟೆಡ್ ನ್ಯೂರೋಡಿಜೆನರೇಶನ್. ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಮೂವರಿಗೆ ಇರಬಹುದು ಎಂದು ಅಂದಾಜು. 2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸೇರಿ ಸುಮಾರು 32.7 ಲಕ್ಷ ಜನ. ಆ ಲೆಕ್ಕ ಹಿಡಿದರೆ ನಮ್ಮ ಇಡೀ ಕರಾವಳಿಯ ಈ ತುಂಡಿನಲ್ಲಿ ಹೆಚ್ಚೆಂದರೆ ಹತ್ತು ಮಂದಿ. ಹಾಗಾಗಿ ಊರಿನ ಡಾಕ್ಟರಿಗೆ ಇದು ಥಟ್ಟನೆ ಹೊಳೆಯದಿದ್ದರೆ ಅವರನ್ನು ದೂರಬೇಕಾಗಿಲ್ಲ.

ಶುರುವಾಗುವುದು ಸಣ್ಣದರಲ್ಲಿ. ಮೂರು ನಾಲ್ಕು ವರ್ಷದ ಮಗು ಸುಮ್ಮಸುಮ್ನೆ ಎಡವಿ ಬೀಳುತ್ತದೆ. ಒಂದು ಪಾದ ಒಳಗೆ ತಿರುಗಿಕೊಳ್ಳುತ್ತದೆ. ಮನೆಯವರು ಮೂಳೆ ಡಾಕ್ಟರ ಹತ್ತಿರ ಹೋಗುತ್ತಾರೆ, ಎಣ್ಣೆ ತಿಕ್ಕಿಸುತ್ತಾರೆ, ಬೇರೆ ಶೂ ಹಾಕಿಸುತ್ತಾರೆ. ಆಮೇಲೆ ಕೈಯೂ ತಿರುಚುತ್ತದೆ, ಮಾತು ತೊದಲುತ್ತದೆ. ಸ್ನಾಯುಗಳು ತಾವಾಗಿಯೇ ಬಿಗಿದು ತಿರುಚಿಕೊಳ್ಳುವ ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. ಕೆಲವು ಮಕ್ಕಳಿಗೆ ಕಣ್ಣಿನ ರೆಟಿನಾವೂ ಹಾಳಾಗಿ ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಆರು ವರ್ಷದೊಳಗೆ ಶುರುವಾಗುವುದು ಜಾಸ್ತಿ ಬಿರುಸಿನ ಬಗೆ. ಅಂಥ ಮಕ್ಕಳಲ್ಲಿ ಹೆಚ್ಚಿನವರು ಹತ್ತು ಹದಿನೈದು ವರ್ಷಗಳಲ್ಲಿ ನಡೆಯಲಾರದಂತೆ ಆಗುತ್ತಾರೆ. ಹದಿಹರೆಯದಲ್ಲೋ ಆಮೇಲೋ ಶುರುವಾಗುವ ಇನ್ನೊಂದು ಬಗೆ ನಿಧಾನವಾಗಿ ಸಾಗುತ್ತದೆ. ಅದರಲ್ಲಿ ಮಾತಿನ ತೊಂದರೆ, ಸಿಟ್ಟು, ಸ್ವಭಾವದ ಬದಲಾವಣೆ ಮೊದಲು ಕಾಣುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದೇಹ ಸೋತಷ್ಟು ಬುದ್ಧಿ ಸೋಲದ ಮಕ್ಕಳು ಇದರಲ್ಲಿ ಎಷ್ಟೋ ಇದ್ದಾರೆ. ಮಾತು ಬಾರದು ಎಂದ ಮಾತ್ರಕ್ಕೆ ಮಗುವಿನ ಎದುರೇ ‘ಇನ್ನೆಷ್ಟು ದಿನ’ ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇದರ ಮೂಲ 20ನೇ ಕ್ರೋಮೋಸೋಮಿನಲ್ಲಿರುವ ಪ್ಯಾಂಕ್2 ಎಂಬ ಜೀನ್. 2001ರಲ್ಲಿ ಪತ್ತೆಯಾಯಿತು. ನಾವು ತಿನ್ನುವ ಅನ್ನ, ಬೇಳೆ, ಮೊಟ್ಟೆ, ತರಕಾರಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಿ5 ವಿಟಮಿನ್ ಇರುತ್ತದೆ. ಆ ವಿಟಮಿನ್ನಿನಿಂದ ಕೋಎನ್‌ಜೈಮ್ ಎ ಎಂಬ ವಸ್ತುವನ್ನು ಜೀವಕೋಶ ತಯಾರಿಸಿಕೊಳ್ಳಬೇಕು. ಶಕ್ತಿ ಹುಟ್ಟಿಸುವುದಕ್ಕೂ ಕೊಬ್ಬಿನಂಶ ಕಟ್ಟುವುದಕ್ಕೂ ಅದು ಬೇಕೇ ಬೇಕು. ತಯಾರಿಯ ಮೊದಲ ಹೆಜ್ಜೆಯನ್ನು ಮಾಡಿಕೊಡುವ ಕಿಣ್ವಕ್ಕೆ ಸೂಚನೆ ಈ ಜೀನಿನಲ್ಲಿದೆ. ಸೂಚನೆ ಕೆಟ್ಟರೆ ಮೆದುಳಿನ ಆಳದಲ್ಲಿರುವ ಗ್ಲೋಬಸ್ ಪ್ಯಾಲಿಡಸ್ ಎಂಬ ಜೋಡಿ ಗಂಟುಗಳು ಎಲ್ಲಕ್ಕಿಂತ ಮೊದಲು ಸೊರಗುತ್ತವೆ. ಎಡಕ್ಕೊಂದು, ಬಲಕ್ಕೊಂದು. ನಮಗೆ ಬೇಡದ ಚಲನೆಗಳನ್ನು ತಡೆದು ಬೇಕಾದ್ದನ್ನು ಮಾತ್ರ ಬಿಟ್ಟುಕೊಡುವ ಕೆಲಸದಲ್ಲಿ ಅವುಗಳ ಪಾಲು ದೊಡ್ಡದು. ಅವು ಸೊರಗುತ್ತಿದ್ದಂತೆ ಅಲ್ಲಿ ಕಬ್ಬಿಣ ಕೂಡಿಕೊಳ್ಳುತ್ತದೆ. ಎಂಆರ್‌ಐಗೆ ಕಾಣುವುದು ಈ ಕಬ್ಬಿಣದ ಕೈವಾಡ.

ಹೇಗೆ ಕಾಣುತ್ತದೆ? ಎಂಆರ್‌ಐ ಯಂತ್ರದೊಳಗೆ ಎಕ್ಸ್‌ರೇ ಇಲ್ಲ. ಇರುವುದು ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆ. ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ರೇಡಿಯೋ ಅಲೆಯ ಪೆಟ್ಟು ಬಿದ್ದಾಗ ಒಂದೇ ಲಯದಲ್ಲಿ ಸುತ್ತಿ ಸಿಗ್ನಲ್ ಕೊಡುತ್ತವೆ. ಕುಣಿತ ಭಜನೆ ನೋಡಿದವರಿಗೆ ಇದು ಸುಲಭ. ಎಲ್ಲರ ತಾಳ ಒಟ್ಟಿಗೆ ಬಿದ್ದಾಗ ಸದ್ದು ಗುಡಿಯಾಚೆಗೂ ಕೇಳುತ್ತದೆ. ಒಬ್ಬೊಬ್ಬರೇ ತಾಳ ತಪ್ಪಿದರೆ ಬಡಿಯುವವರು ಅಷ್ಟೇ ಇದ್ದರೂ ಗದ್ದಲವಾಗುತ್ತದೆ, ತಾಳ ಕೇಳುವುದಿಲ್ಲ. ಕಬ್ಬಿಣ ಇದ್ದಲ್ಲಿ ಆಗುವುದು ಇದೇ. ಅದು ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಚೂರು ಕದಡುತ್ತದೆ. ಅಕ್ಕಪಕ್ಕದ ಕಣಗಳ ಲಯ ಬೇಗ ತಪ್ಪುತ್ತದೆ. ಸಿಗ್ನಲ್ ಬೇಗ ಆರುತ್ತದೆ. ಟಿ2 ಎಂಬ ಬಗೆಯ ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಬರುತ್ತದೆ. ನೀರಿನಂಶ ಹೆಚ್ಚಿದ್ದಲ್ಲಿ ಅದೇ ಟಿ2 ಚಿತ್ರ ಬೆಳ್ಳಗೆ ಬರುತ್ತದೆ.

ಪಿಕೆಎಎನ್‌ನಲ್ಲಿ ಗ್ಲೋಬಸ್ ಪ್ಯಾಲಿಡಸ್ ಕಬ್ಬಿಣದಿಂದ ಕಪ್ಪಾಗಿರುತ್ತದೆ. ಅದರ ನಡುವೆ, ಸ್ವಲ್ಪ ಮುಂದಕ್ಕೆ ಮತ್ತು ಒಳಗಡೆಗೆ, ಕೋಶಗಳು ಸತ್ತು ನೀರಿನಂಶ ಹೆಚ್ಚಾದ ಒಂದು ಬಿಳಿ ಚುಕ್ಕೆ. ಕಪ್ಪಿನೊಳಗೆ ಬಿಳಿ, ಎಡಬಲ ಎರಡೂ ಕಡೆ ಒಂದೇ ಥರ. ಅಡ್ಡಲಾಗಿ ತೆಗೆದ ಚಿತ್ರದಲ್ಲಿ ಎರಡು ಕಣ್ಣು ನಮ್ಮನ್ನೇ ದಿಟ್ಟಿಸಿದ ಹಾಗೆ ಕಾಣುತ್ತದೆ. 2003ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಪ್ಯಾಂಕ್2 ದೋಷ ಖಚಿತವಾಗಿ ಎಂಆರ್‌ಐ ಚಿತ್ರ ನೋಡಲು ಸಿಕ್ಕ ರೋಗಿಗಳೆಲ್ಲರಲ್ಲೂ ಈ ಗುರುತು ಇತ್ತು. ಚಿತ್ರ ನೋಡಿ ಜೀನ್ ಯಾವುದೆಂದು ಊಹಿಸಬಹುದಾದ ಕಾಯಿಲೆಗಳು ಕಡಿಮೆ. ಅದಕ್ಕೇ ರೇಡಿಯಾಲಜಿ ಕಲಿಯುವವರಿಗೆ ಇದು ಬಾಯಿಪಾಠ.

ಹಳೆಯ ಫೈಲುಗಳಲ್ಲಿ ಇದೇ ಕಾಯಿಲೆಗೆ ಹಾಲರ್‌ಫೋರ್ಡನ್-ಸ್ಪಾಟ್ಸ್ ಎಂದು ಬರೆದಿರುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಇಬ್ಬರು ಜರ್ಮನ್ ಡಾಕ್ಟರುಗಳ ಹೆಸರು ಅದು. ನಾಜಿಗಳು ಕೊಂದ ಅಂಗವಿಕಲರ ಮೆದುಳುಗಳನ್ನು ಹಾಲರ್‌ಫೋರ್ಡನ್ ತನ್ನ ಸಂಶೋಧನೆಗೆ ಬಳಸಿಕೊಂಡದ್ದು ಜಗತ್ತಿಗೆ ಗೊತ್ತಾದ ಮೇಲೆ ಆ ಹೆಸರನ್ನು ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು.

ಇನ್ನು ಸ್ಕ್ಯಾನಿಂಗ್ ಕೋಣೆಯ ವಿಷಯ. ಇಂಥ ಮಗುವಿನ ಚಿತ್ರ ತೆಗೆಯುವುದು ಸುಲಭವಲ್ಲ. ಅರ್ಧ ಗಂಟೆಗೂ ಮೇಲೆ ತಲೆ ಅಲುಗಾಡಬಾರದು, ಯಂತ್ರ ಡಬಡಬ ಹೊಡೆಯುತ್ತಲೇ ಇರುತ್ತದೆ. ಕೈಕಾಲು ತಾನಾಗಿ ತಿರುಚುವ ಮಗುವಿಗೆ ‘ಅಲುಗಾಡಬೇಡ ಪುಟ್ಟಾ’ ಎಂದು ಹೇಳಿ ಏನು ಪ್ರಯೋಜನ? ಅರಿವಳಿಕೆ ಡಾಕ್ಟರು ನಿದ್ದೆ ಬರಿಸಬೇಕಾಗುತ್ತದೆ. ಅದಕ್ಕಾಗಿ ಮಗು ಕೆಲವು ಗಂಟೆ ಉಪವಾಸ ಇರಬೇಕು. ‘ಒಂದೇ ಬಿಸ್ಕೆಟ್ ಕೊಟ್ಟೆ’ ಎಂದರೂ ಆ ದಿನದ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ನಿದ್ದೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಒಳಗೆ ಬಿಡುವ ಮೊದಲು ಲೋಹ ಎಲ್ಲ ತೆಗೆಯಬೇಕು. ಕಿವಿಯೋಲೆ, ಗೆಜ್ಜೆ, ಬಟ್ಟೆಯ ಪಿನ್ನು. ನಮ್ಮ ಕಡೆಯ ಮಕ್ಕಳ ವಿಷಯದಲ್ಲಿ ಎಲ್ಲರೂ ಹೇಳಲು ಮರೆಯುವುದು ಸೊಂಟದ ಉಡಿದಾರ ಮತ್ತು ಅದಕ್ಕೆ ಕಟ್ಟಿದ ತಾಯಿತ. ಚಡ್ಡಿಯ ಒಳಗಿರುವುದರಿಂದ ನಾವೇ ಕೈ ಹಾಕಿ ನೋಡುತ್ತೇವೆ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ ನಿಜ, ಆದರೆ ರೇಡಿಯೋ ಅಲೆಗೆ ಬಿಸಿಯಾಗಿ ಚರ್ಮ ಸುಡಬಹುದು. ತಾಯಿತದೊಳಗೆ ಏನಿದೆ ಎಂದು ಕಟ್ಟಿದವರಿಗೇ ಗೊತ್ತು. ಮಗುವಿನ ಜೊತೆ ಒಳಗೆ ಕೂರುವ ಅಮ್ಮನಿಗೂ ಇದೇ ನಿಯಮ. ಕರಿಮಣಿ ತೆಗೆಯಲು ಮನಸ್ಸಾಗದವರಿಗೆ ಅರಸಿನ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಿ ಎನ್ನುತ್ತೇವೆ, ಅದಕ್ಕೆ ಯಂತ್ರದ ತಕರಾರಿಲ್ಲ.

ಔಷಧ ಹಿಡಿದು ಮಗು ಮಲಗಿದಾಗ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತು ಬಿಗಿದು ಹಿಂದಕ್ಕೆ ಬಾಗಿದ್ದ ಕತ್ತು ಸಡಿಲವಾಗುತ್ತದೆ. ಮುಷ್ಟಿ ಬಿಚ್ಚುತ್ತದೆ. ಒಳಗೆ ತಿರುಗಿದ್ದ ಪಾದ ನೇರಕ್ಕೆ ಬರುತ್ತದೆ. ಡಿಸ್ಟೋನಿಯಾ ಸಾಮಾನ್ಯವಾಗಿ ನಿದ್ದೆಯಲ್ಲಿ ಅಡಗುತ್ತದೆ. ಇದನ್ನು ನೋಡಿದ ಅಮ್ಮಂದಿರು ‘ಸರಿ ಆಯ್ತಲ್ಲ!’ ಎಂದು ನಮ್ಮ ಮುಖ ನೋಡುವುದುಂಟು. ಎಚ್ಚರವಾದರೆ ಮತ್ತೆ ಬರುತ್ತದೆ ಎಂದು ಆಗಲೇ ಹೇಳಿಬಿಡುವುದು ಒಳ್ಳೆಯದು, ಎಷ್ಟು ಕಷ್ಟವಾದರೂ.

ಡಾಕ್ಟರ ಚೀಟಿಯಲ್ಲಿ ಸುಮ್ನೆ ‘ಎಂಆರ್‌ಐ ಬ್ರೈನ್’ ಎಂದಿದ್ದರೆ ಮಾಮೂಲಿ ಚಿತ್ರಗಳಷ್ಟೇ ಬರುತ್ತವೆ. ಕಬ್ಬಿಣದ ಅನುಮಾನ ಇದ್ದರೆ ಅದನ್ನು ಚೀಟಿಯಲ್ಲಿ ಬರೆದಿರಬೇಕು. ಆಗ ಎಸ್‌ಡಬ್ಲ್ಯುಐ ಎಂಬ ಇನ್ನೊಂದು ಬಗೆಯ ಚಿತ್ರ ಸೇರಿಸುತ್ತೇವೆ. ಕಬ್ಬಿಣ ಚಿಟಿಕೆಯಷ್ಟಿದ್ದರೂ ಅದು ಹಿಡಿಯುತ್ತದೆ. ಆದರೆ ಅದರದ್ದೊಂದು ತೊಂದರೆ ಇದೆ. ಅದು ಕಪ್ಪನ್ನು ಇರುವುದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ. ನಡುವಿನ ಬಿಳಿ ಚುಕ್ಕೆ ಆ ಕಪ್ಪಿನಲ್ಲಿ ಮುಳುಗಿಹೋಗಬಹುದು. ಆದ್ದರಿಂದ ಕಣ್ಣು ನೋಡಬೇಕಾದರೆ ಟಿ2 ಚಿತ್ರ ಬೇಕು, ಕಬ್ಬಿಣ ಖಚಿತಪಡಿಸಲು ಎಸ್‌ಡಬ್ಲ್ಯುಐ ಬೇಕು. ಡೈ ಇಂಜೆಕ್ಷನ್ ಇದಕ್ಕೆ ಸಾಮಾನ್ಯವಾಗಿ ಬೇಡ.

ಈಗ ತೊಡಕಿನ ಜಾಗಕ್ಕೆ ಬಂದೆವು. ಗ್ಲೋಬಸ್ ಪ್ಯಾಲಿಡಸ್ ಕಪ್ಪಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಆರೋಗ್ಯವಾಗಿರುವ ಎಲ್ಲರಲ್ಲೂ ವಯಸ್ಸಾದಂತೆ ಅಲ್ಲಿ ಕಬ್ಬಿಣ ಸೇರುತ್ತದೆ. ಐವತ್ತರ ನನ್ನ ಮೆದುಳಿನ ಚಿತ್ರ ತೆಗೆದರೂ ಅದು ಸ್ವಲ್ಪ ಕಪ್ಪಗೇ ಬರುತ್ತದೆ. ಐದು ವರ್ಷದ ಮಗುವಿನಲ್ಲಿ ಅಷ್ಟೇ ಕಪ್ಪು ಕಂಡರೆ ಆಗ ವಿಷಯ ಬೇರೆ. ಸುಣ್ಣದಂಶ ಕೂಡಿದ್ದರೂ ಎಸ್‌ಡಬ್ಲ್ಯುಐನಲ್ಲಿ ಕಪ್ಪಾಗಿ ಕಾಣಬಹುದು, ವಯಸ್ಸಾದವರಲ್ಲಿ ಇದು ಮಾಮೂಲಿ. ಅನುಮಾನ ಬಂದರೆ ಡಾಕ್ಟರು ಒಂದು ಸಿಟಿ ಸ್ಕ್ಯಾನ್ ಹೇಳುತ್ತಾರೆ, ಸುಣ್ಣವಿದ್ದರೆ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಬಿಳಿ ಚುಕ್ಕೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಹುಟ್ಟಿದಾಗ ಕಾಮಾಲೆ ತೀರಾ ಏರಿದ್ದ ಮಗುವಿನಲ್ಲೂ ಇದೇ ಗಂಟುಗಳು ಹಾಳಾಗಿ ಟಿ2ನಲ್ಲಿ ಬೆಳ್ಳಗೆ ಕಾಣುತ್ತವೆ. ಅಲ್ಲಿ ಸುತ್ತಲಿನ ಕಬ್ಬಿಣದ ಕಪ್ಪು ಇರುವುದಿಲ್ಲ. ‘ಹೆರಿಗೆ ಎಲ್ಲಿ ಆಯಿತು? ಹಳದಿ ಆಗಿತ್ತಾ? ಲೈಟಿನಡಿ ಎಷ್ಟು ದಿನ ಇಟ್ಟಿದ್ದರು?’ ಎಂದು ಡಾಕ್ಟರು ಕೆದಕಿ ಕೇಳುವುದು ಇದಕ್ಕೇ. ಮೆದುಳಿನಲ್ಲಿ ಕಬ್ಬಿಣ ಕೂಡುವ ಕಾಯಿಲೆಗಳೇ ಇನ್ನೂ ಹಲವು ಇವೆ. ಒಂದರಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕೆಳಗಿನ ಭಾಗ ಜಾಸ್ತಿ ಕಪ್ಪಾಗುತ್ತದೆ. ಇನ್ನೊಂದರಲ್ಲಿ ಹಿಂಭಾಗದ ಚಿಕ್ಕಮೆದುಳು ಕುಗ್ಗಿರುತ್ತದೆ. ಹುಲಿಯ ಕಣ್ಣನ್ನೇ ಹೋಲುವ ಬಿಳಿ ಗೆರೆ ಮತ್ತೊಂದರಲ್ಲಿ ಬರುತ್ತದೆ. ರೇಡಿಯಾಲಜಿಸ್ಟ್ ಆ ಎರಡು ಚುಕ್ಕೆ ನೋಡಿ ಫಿಲ್ಮ್ ಕೆಳಗಿಡುವುದಿಲ್ಲ, ಉಳಿದ ಜಾಗವನ್ನೂ ಜಾಲಾಡುತ್ತಾರೆ. ಇನ್ನೂ ಒಂದು: ತುಂಬ ಮೊದಲೇ ಸ್ಕ್ಯಾನ್ ಆದರೆ ಬಿಳಿ ಮಾತ್ರ ಇದ್ದು ಕಪ್ಪು ಬಂದಿರುವುದಿಲ್ಲ. ವರ್ಷಗಳು ಕಳೆದ ಮೇಲೆ ಬಿಳಿ ಮಾಸಿ ಬರೀ ಕಪ್ಪು ಉಳಿಯಲೂಬಹುದು.

ತಪ್ಪಿಸಿಕೊಳ್ಳಬಾರದ ಕಾಯಿಲೆ ಎಂದರೆ ವಿಲ್ಸನ್. ಅದರಲ್ಲಿ ಕೂಡುವುದು ತಾಮ್ರ. ಅದೂ ವಂಶದ್ದೇ, ಅದರಲ್ಲೂ ಕೈಕಾಲು ತಿರುಚುತ್ತದೆ, ಮಾತು ತೊದಲುತ್ತದೆ. ಆದರೆ ಅದಕ್ಕೆ ಔಷಧ ಇದೆ. ಬೇಗ ಹಿಡಿದರೆ ಪೆನಿಸಿಲಮಿನ್, ಸತು ಇವುಗಳಿಂದ ಎಷ್ಟೋ ಮಂದಿ ಸುಧಾರಿಸುತ್ತಾರೆ. ಎಂಆರ್‌ಐ ಚಿತ್ರ ಬೇರೆ ಥರ ಇರುತ್ತದೆ, ನಡುಮೆದುಳಿನಲ್ಲಿ ಪಾಂಡಾದ ಮುಖ ಕಂಡಂತಾಗುವುದೂ ಉಂಟು. (ರೇಡಿಯಾಲಜಿಯವರಿಗೆ ಪ್ರಾಣಿಗಳ ಹುಚ್ಚು ಇದೆ, ಏನು ಮಾಡುವುದು!) ಚಲನೆಯ ತೊಂದರೆ ಇರುವ ಮಗುವಿಗೆ ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದು ಉಂಗುರ ನೋಡುವುದು, ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೊಟೀನಿನ ಪರೀಕ್ಷೆ ಮಾಡಿಸುವುದು, ಇವೆರಡನ್ನು ಬಿಡಲೇಬಾರದು. ಎಂಆರ್‌ಐಗೆ ಹೋಲಿಸಿದರೆ ಆ ಖರ್ಚು ಏನೂ ಅಲ್ಲ.

ಕೊನೆಯ ಮಾತು ಹೇಳುವುದು ಜೀನ್ ಪರೀಕ್ಷೆ. ಸ್ವಲ್ಪ ರಕ್ತ ಸಾಕು, ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ದೂರ ಹೋಗಬೇಕಾಗಿಲ್ಲ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ಜೆನೆಟಿಕ್ಸ್‌ಗೆಂದೇ ಒಂದು ವಿಭಾಗವಿದೆ. ರಿಪೋರ್ಟಿನಲ್ಲಿ ಒಮ್ಮೊಮ್ಮೆ ‘ವಿಯುಎಸ್’ ಎಂದು ಬರುತ್ತದೆ. ಜೀನಿನಲ್ಲಿ ಬದಲಾವಣೆ ಸಿಕ್ಕಿದೆ, ಅದು ಕಾಯಿಲೆ ತರುವಂಥದ್ದೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಆಗ ಎಂಆರ್‌ಐ ಚಿತ್ರದ ಬೆಲೆ ಹೆಚ್ಚುತ್ತದೆ. ಪ್ಯಾಂಕ್2ನಲ್ಲಿ ಅನುಮಾನದ ಬದಲಾವಣೆ, ಚಿತ್ರದಲ್ಲಿ ಸ್ಪಷ್ಟ ಹುಲಿಯ ಕಣ್ಣು, ಎರಡೂ ಒಟ್ಟಿಗೆ ಇದ್ದರೆ ಡಾಕ್ಟರು ಧೈರ್ಯವಾಗಿ ಹೇಳಬಲ್ಲರು. ಹಳೆಯ ಸ್ಕ್ಯಾನಿನ ಸಿಡಿಯನ್ನು ಜೋಪಾನ ಮಾಡಿ ಎನ್ನುವುದು ಇದಕ್ಕೇ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಡಚಿ ತಂದ ಫಿಲ್ಮಿನ ಮೇಲೆ ಬಿಳಿ ಗೀರು ಬಿದ್ದಿರುತ್ತದೆ. ಸಿಡಿಯಲ್ಲಿ ಪ್ರತಿಯೊಂದು ಚಿತ್ರವೂ ಇರುತ್ತದೆ, ಫಿಲ್ಮಿನಲ್ಲಿ ಆರಿಸಿದ್ದು ಮಾತ್ರ.

‘ನಮ್ಮ ಎರಡೂ ಕಡೆಯಲ್ಲಿ ಯಾರಿಗೂ ಇಲ್ಲ, ಇದು ವಂಶದ್ದು ಹೇಗೆ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಅಂಥವರು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ಅಲ್ಲ. ಪ್ರತಿ ಸಲವೂ ಅದೇ ನಾಲ್ಕರಲ್ಲಿ ಒಂದು.

ತುಳುನಾಡಿನಲ್ಲಿ ಸಂಬಂಧ ನೋಡುವಾಗ ‘ಬಳಿ’ ಕೇಳುತ್ತಾರೆ, ಗೋತ್ರದ ಹಾಗಿರುವ ಕುಲದ ಗುರುತು ಅದು. ಬಂಟರು, ಬಿಲ್ಲವರು, ಮೊಗವೀರರು ಎಲ್ಲರಲ್ಲೂ ಒಂದೇ ಬಳಿಯವರು ಅಣ್ಣ ತಂಗಿ ಲೆಕ್ಕ, ಮದುವೆ ಇಲ್ಲ. ಆದರೆ ಬಳಿ ಬರುವುದು ತಾಯಿಯ ಕಡೆಯಿಂದ ಮಾತ್ರ. ಸೋದರಮಾವನ ಮಗಳಿಗೆ ಅವಳ ಅಮ್ಮನ ಬಳಿ, ಹಾಗಾಗಿ ಅವಳು ಬೇರೆ, ಮದುವೆ ಆಗಬಹುದು. ಜೀನುಗಳಿಗೆ ಬಳಿ ಗೊತ್ತಿಲ್ಲ. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಾದ ಅವರಿಬ್ಬರ ನಡುವೆ ಸರಾಸರಿ ಎಂಟನೇ ಒಂದು ಪಾಲು ಜೀನುಗಳು ಸಮ. ಅಜ್ಜನಲ್ಲಿದ್ದ ಒಂದೇ ಕೆಟ್ಟ ಪ್ರತಿ ಎರಡು ದಾರಿಯಲ್ಲಿ ಇಳಿದು ಮರಿಮಗುವಿನಲ್ಲಿ ಒಟ್ಟಾಗಬಹುದು. ರಕ್ತಸಂಬಂಧದಲ್ಲಿ ಮದುವೆಯಾಗದವರ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ, ಸಂಬಂಧವಿದ್ದರೆ ಸಾಧ್ಯತೆ ಹೆಚ್ಚು, ಅಷ್ಟೆ. ಪ್ರಶ್ನೆ ಇಡಿಸಿ, ಆಶ್ಲೇಷ ಬಲಿ ಕೊಡಿಸಿ ಬಂದವರೂ ನಮ್ಮಲ್ಲಿಗೆ ಬರುತ್ತಾರೆ. ಅದು ಅವರ ನೆಮ್ಮದಿ, ನನ್ನ ತಕರಾರಿಲ್ಲ. ‘ಇದು ಹುಡುಗಿಯ ಕಡೆಯಿಂದ ಬಂದದ್ದು’ ಎನ್ನುವ ಮಾತಿಗೆ ಮಾತ್ರ ನನ್ನ ತಕರಾರು. ಈ ಕಾಯಿಲೆಯಲ್ಲಿ ಎರಡೂ ಕಡೆಯಿಂದ ಬಾರದೆ ಮಗುವಿಗೆ ಬರುವುದಿಲ್ಲ.

ಕಬ್ಬಿಣ ಎಂದ ಕೂಡಲೇ ಊಟದ ಮಾತು ಏಳುತ್ತದೆ. ಬಸಳೆ ಬಿಡಬೇಕಾ, ಹರಿವೆ ಬಿಡಬೇಕಾ? ‘ನಮ್ಮಲ್ಲಿ ಕೆಂಪು ಕಲ್ಲಿನ ಬಾವಿ ಮಾರಾಯ್ರೆ, ನೀರು ಕೊಡದಲ್ಲಿ ಇಟ್ರೆ ಅಡಿಯಲ್ಲಿ ತುಕ್ಕಿನ ಹಾಗೆ ಕೂತ್ಕೊಳ್ತದೆ, ಅದ್ರಿಂದ ಆದದ್ದಾ?’ ಎಂದು ಒಬ್ಬರು ಅಜ್ಜಿ ಕೇಳಿದ್ದರು. ಅಲ್ಲ. ಈ ಮಕ್ಕಳ ರಕ್ತದಲ್ಲಿ ಕಬ್ಬಿಣ ಸಾಮಾನ್ಯವಾಗಿ ಎಲ್ಲರಷ್ಟೇ ಇರುತ್ತದೆ. ಮೆದುಳಿನ ಆ ಒಂದು ಮೂಲೆಯಲ್ಲಿ ಕೂಡುವುದು ಒಳಗಿನ ಲೆಕ್ಕ ತಪ್ಪಿದ್ದರಿಂದ. ಸೊಪ್ಪು ನಿಲ್ಲಿಸಿದರೆ ರಕ್ತಹೀನತೆ ಬಂದೀತೇ ಹೊರತು ಮೆದುಳಿಗೆ ಉಪಕಾರವಿಲ್ಲ.

ಹಾಗಾದರೆ ಔಷಧ ಕೊಟ್ಟು ಮೆದುಳಿನ ಕಬ್ಬಿಣವನ್ನೇ ತೆಗೆದರೆ? ಇದನ್ನು ಮಾಡಿ ನೋಡಿದ್ದಾರೆ, ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದೇ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಮಕ್ಕಳಿಗೆ ಕೊಡುವ ಡೆಫೆರಿಪ್ರೋನ್ ಎಂಬ ಮಾತ್ರೆ ಮೆದುಳಿನ ಒಳಗೂ ಹೋಗಿ ಕಬ್ಬಿಣ ಹಿಡಿಯುತ್ತದೆ. ಯುರೋಪ್ ಮತ್ತು ಅಮೆರಿಕದಲ್ಲಿ 88 ಪಿಕೆಎಎನ್ ರೋಗಿಗಳ ಮೇಲೆ 18 ತಿಂಗಳು ಪ್ರಯೋಗ ನಡೆಯಿತು. ಕೆಲವರಿಗೆ ನಿಜವಾದ ಔಷಧ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಔಷಧ. 2019ರಲ್ಲಿ ಫಲಿತಾಂಶ ಬಂತು. ಎಂಆರ್‌ಐ ಅಳತೆಯಲ್ಲಿ ಗ್ಲೋಬಸ್ ಪ್ಯಾಲಿಡಸ್‌ನ ಕಬ್ಬಿಣ ನಿಜಕ್ಕೂ ಇಳಿದಿತ್ತು. ಚಿತ್ರ ನೋಡಿದರೆ ಔಷಧ ಗೆದ್ದಿತ್ತು. ಆದರೆ ಡಿಸ್ಟೋನಿಯಾದ ಅಂಕದಲ್ಲಿ ಎರಡು ಗುಂಪುಗಳ ನಡುವೆ ಖಚಿತವಾಗಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಅದೇ ವರ್ಷ ಫಾಸ್‌ಮೆಟ್‌ಪ್ಯಾಂಟೊಟಿನೇಟ್ ಎಂಬ ಇನ್ನೊಂದು ಔಷಧ, ಕೆಟ್ಟ ಹೆಜ್ಜೆಯನ್ನು ಬದಿಗಿಟ್ಟು ಮುಂದೆ ಹೋಗುವ ಉಪಾಯದ್ದು, ಅದೂ ಪ್ರಯೋಗದಲ್ಲಿ ಸೋತಿತು.

ಕಪ್ಪು ಕಡಿಮೆಯಾಗಿದೆಯಾ ಎಂದು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಮಗುವನ್ನು ಕರೆತಂದು ಮತ್ತೆ ಅರಿವಳಿಕೆ ಕೊಡಿಸುವುದರಲ್ಲಿ ಅರ್ಥವಿಲ್ಲ ಎಂದು ನಾನು ಅನ್ನುವುದು ಈ ಕಾರಣಕ್ಕೆ. ಆ ಹಣ, ಆ ದಿನ, ಫಿಸಿಯೋಥೆರಪಿಗೆ ಹೋಗಲಿ. ಬಿಗಿತ ಇಳಿಸಲು ಬ್ಯಾಕ್ಲೋಫೆನ್, ಟ್ರೈಹೆಕ್ಸಿಫೆನಿಡಿಲ್ ಮಾತ್ರೆಗಳಿವೆ. ಒಂದೇ ಸ್ನಾಯು ಜಾಸ್ತಿ ಕಾಡುತ್ತಿದ್ದರೆ ಬೊಟುಲಿನಮ್ ಇಂಜೆಕ್ಷನ್ ಇದೆ. ಕೆಲವರಿಗೆ ಮೆದುಳಿಗೆ ತಂತಿ ಇಳಿಸಿ ಸಣ್ಣ ಕರೆಂಟ್ ಕೊಡುವ ಡಿಬಿಎಸ್ ಶಸ್ತ್ರಚಿಕಿತ್ಸೆಯಿಂದ ಅನುಕೂಲವಾಗಿದೆ. ನುಂಗಲು ಕಷ್ಟವಾದಾಗ ಊಟದ ಹದ ಬದಲಿಸುವುದು, ನಾಲಿಗೆ ಕಚ್ಚಿಕೊಳ್ಳದಂತೆ ಹಲ್ಲಿನ ಡಾಕ್ಟರ ಸಹಾಯ ಪಡೆಯುವುದು, ಇವೂ ಚಿಕಿತ್ಸೆಯೇ. ಯಾವುದೂ ಕಾಯಿಲೆಯನ್ನು ಬೇರಿನಿಂದ ಕೀಳುವುದಿಲ್ಲ. ಮಗುವಿನ ದಿನವನ್ನು ಹಗುರ ಮಾಡುತ್ತವೆ.

ಅಣ್ಣನೋ ತಂಗಿಯೋ ಇದ್ದರೆ, ‘ಇವಳದ್ದೂ ಒಂದು ಸ್ಕ್ಯಾನ್ ಮಾಡಿಬಿಡಿ’ ಎಂದು ಮನೆಯವರು ಕೇಳುತ್ತಾರೆ. ಆರಾಮಾಗಿ ಓಡಾಡುತ್ತಿರುವ ಮಗುವನ್ನು ಸುಮ್ನೆ ಯಂತ್ರದೊಳಗೆ ಮಲಗಿಸುವುದು ಬೇಡ. ಒಂದು ಕೆಟ್ಟ ಪ್ರತಿ ಮಾತ್ರ ಇರುವವರ ಎಂಆರ್‌ಐನಲ್ಲಿ ಏನೂ ಕಾಣುವುದಿಲ್ಲ. ಬೇಕೋ ಬೇಡವೋ ಎಂಬುದನ್ನು ಜೆನೆಟಿಕ್ಸ್ ಡಾಕ್ಟರ ಹತ್ತಿರ ಕೂತು ಮಾತಾಡಿ ತೀರ್ಮಾನಿಸಬೇಕು.

ಇನ್ನೊಂದು ಮಗು ಬೇಕು ಎನ್ನುವವರಿಗೆ ಮಾತ್ರ ಗಡಿಯಾರ ಓಡುತ್ತಿರುತ್ತದೆ. ಬಸಿರಿನ 11ರಿಂದ 13 ವಾರದ ಹೊತ್ತಿಗೆ ಮಾಸುವಿನ ಚೂರು ತೆಗೆದು ಪರೀಕ್ಷಿಸಿದರೆ ಹೊಟ್ಟೆಯ ಮಗುವಿಗೆ ಈ ಕಾಯಿಲೆ ಇದೆಯೇ ಎಂದು ತಿಳಿಯಬಹುದು. ಆದರೆ ಹುಡುಕಬೇಕಾದ ಆ ಎರಡು ದೋಷಗಳು ಯಾವುವು ಎಂದು ಮೊದಲೇ ಗೊತ್ತಿರಬೇಕು. ಅದು ಮೊದಲ ಮಗುವಿನ ಮತ್ತು ಅಪ್ಪ ಅಮ್ಮನ ರಕ್ತದಿಂದಲೇ ಸಿಗಬೇಕು, ಸ್ಕ್ಯಾನಿಂಗ್ ಚಿತ್ರದಿಂದ ಸಿಗುವುದಿಲ್ಲ. ಬಸಿರು ನಿಂತ ಮೇಲೆ ಓಡಿ ಬಂದರೆ ಜೀನ್ ರಿಪೋರ್ಟಿಗೆ ಕಾಯುವುದರಲ್ಲೇ ಆ ವಾರಗಳು ಕಳೆದುಹೋಗುತ್ತವೆ. ಹಾಗಾಗಿ ಹುಲಿಯ ಕಣ್ಣು ಕಂಡ ತಿಂಗಳಲ್ಲೇ ಮೂವರ ರಕ್ತವನ್ನೂ ಕೊಟ್ಟುಬಿಡಿ.